ಬರ್ತೀನಿ ಅಂದ ಮೇಲೆ

ನನಗೆ ಮಾತಾಡುವ ರೋಗಿಗಿಂತ ಮಲಗಿದ ರೋಗಿ ಇಷ್ಟ ಎಂದು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಅರಿವಳಿಕೆ ಕೊಟ್ಟ ಮೇಲೆ ರೋಗಿ ತನ್ನ ನಾದಿನಿಯ ಕಥೆ ಹೇಳುವುದಿಲ್ಲ, ಫೋನಿನಲ್ಲಿ ಓದಿದ್ದನ್ನು ತಂದು ವಾದಿಸುವುದಿಲ್ಲ. ಹೊಟ್ಟೆ ತೆರೆದರೆ ಪಿತ್ತಕೋಶ ಇರಬೇಕಾದ ಕಡೆ ಇರುತ್ತದೆ. ಅದನ್ನು ತೆಗೆದು, ಹೊಲಿದು, ಕೈ ತೊಳೆದುಕೊಂಡರೆ ಕೆಲಸ ಮುಗಿಯಿತು. ಮುಗಿಯುವ ಕೆಲಸ ನನಗೆ ಇಷ್ಟ. ನನ್ನ ಕೈ ಚುರುಕು, ನನ್ನ ಹೊಲಿಗೆ ಚೆಂದ. ಇದನ್ನು ಬೇರೆಯವರು ಹೇಳಲಿ ಎಂದು ಕಾದು ಕೂರುವವಳಲ್ಲ ನಾನು.

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲಿಯೇ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಕೆಲವು ವರ್ಷ ಡ್ಯೂಟಿ ಡಾಕ್ಟರ್ ಆಗಿದ್ದು, ಮದುವೆಯಾಗಿ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ಗೆ ಬಂದವಳು ನಾನು. ಗಂಡ ಮೈಸೂರಿನವನು, ದಿನಾ ರೈಲು ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವ ಎಂಜಿನಿಯರ್. ಊರಿನ ಎಂಬಿಬಿಎಸ್ ಇಟ್ಟುಕೊಂಡು ಈ ದೇಶದಲ್ಲಿ ಯಾರ ನಾಡಿಯನ್ನೂ ಹಿಡಿಯುವ ಹಾಗಿಲ್ಲ. ಇಲ್ಲಿನ ಪರೀಕ್ಷೆಗಳನ್ನು ಮತ್ತೆ ಬರೆಯಬೇಕು, ಆಮೇಲೆ ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿಗೆ ಸೀಟು ಸಿಗಬೇಕು. ಸೀಟು ಸಿಗುವ ರೀತಿಯೇ ವಿಚಿತ್ರ. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಬೇಕು, ಚಳಿಗಾಲವಿಡೀ ಇಂಟರ್‌ವ್ಯೂ. ಕೊನೆಗೆ ನಮಗೆ ಬೇಕಾದ ಆಸ್ಪತ್ರೆಗಳನ್ನು ನಾವು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತೇವೆ, ತಮಗೆ ಬೇಕಾದವರನ್ನು ಅವರು ಬರೆದುಕೊಡುತ್ತಾರೆ, ಕಂಪ್ಯೂಟರ್ ಕೂತು ಜಾತಕ ಕೂಡಿಸುತ್ತದೆ. ಮಾರ್ಚಿನಲ್ಲಿ ಫಲಿತಾಂಶ. ಇದರ ಹೆಸರು ಮ್ಯಾಚ್. ಧಾರವಾಡದಿಂದ ಅವ್ವ ಫೋನಿನಲ್ಲಿ, "ನಿನ್ನ ಮ್ಯಾಚ್ ಯಾವಾಗ ಅದ?" ಎಂದು ಕೇಳುವುದನ್ನು ಕೇಳಿ ಪಕ್ಕದ ಮನೆಯವರು ನಾನು ಅಮೆರಿಕದಲ್ಲಿ ಕ್ರಿಕೆಟ್ ಆಡುತ್ತಿದ್ದೇನೆ ಎಂದುಕೊಂಡಿದ್ದರಂತೆ.

ಮೊದಲ ವರ್ಷ ಸರ್ಜರಿಗೆ ಹಾಕಿದೆ, ಮ್ಯಾಚ್ ಆಗಲಿಲ್ಲ. ಎರಡನೆಯ ವರ್ಷವೂ ಸರ್ಜರಿಗೇ ಹಾಕಿದೆ. ಕಾಲೇಜು ಬಿಟ್ಟು ವರ್ಷ ಕಳೆದಷ್ಟೂ ಇಲ್ಲಿನವರು ನಮ್ಮ ಅರ್ಜಿಯನ್ನು ಹಳಸಿದ ಅನ್ನದಂತೆ ನೋಡುತ್ತಾರೆ. ಹಾಗಾಗಿ ಇದೇ ಕೊನೆಯ ಸಲ ಎಂದು ನಾನೂ ಗಂಡನೂ ಒಪ್ಪಿಕೊಂಡಿದ್ದೆವು. ಈ ಸಲವೂ ಆಗದಿದ್ದರೆ, ಆಗ ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಮಾಡಿದ ಆಪರೇಷನ್‌ಗಳ ವಿವರ ತುಂಬುವ ಕೆಲಸವೇ ಕಾಯಂ. ಮತ್ತೆ ರೋಗಿಯ ಮೈ ಮುಟ್ಟುವ ಭಾಗ್ಯ ಇರುವುದಿಲ್ಲ. ಆದರೂ ಹೆದರಿ ಬೇರೆ ಸೀಟು ಕೇಳುವುದು ನನ್ನ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ.

ಅಕ್ಟೋಬರ್ ಮುಗಿಯುವಷ್ಟರಲ್ಲಿ ಬಂದಿದ್ದು ಒಂದೇ ಒಂದು ಕರೆ, ನ್ಯೂಯಾರ್ಕಿನ ಒಂದು ಆಸ್ಪತ್ರೆಯಿಂದ. ಒಂದೇ ಇಂಟರ್‌ವ್ಯೂ ನೆಚ್ಚಿಕೊಂಡು ಕೂರುವುದು ಹುಚ್ಚುತನ ಎಂದು ಗಂಡನಿಗೆ ಗೊತ್ತಿತ್ತು. ನನ್ನ ಸಿಟ್ಟೂ ಗೊತ್ತಿದ್ದುದರಿಂದ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಡಾಕ್ಟರ್ ಆಂಟಿ.

ಡಾಕ್ಟರ್ ಆಂಟಿ ಎಂದರೆ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿರುವ ಬೆಂಗಳೂರಿನ ಹಿರಿಯರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸಾರಿನ ಪುಡಿ ಕೊಟ್ಟು ಪರಿಚಯ ಮಾಡಿಕೊಂಡವರು. ಮನೆಮಂದಿಯ ಸಣ್ಣಪುಟ್ಟ ಕಾಯಿಲೆಗಳನ್ನೆಲ್ಲ ನೋಡುವ ಫ್ಯಾಮಿಲಿ ಮೆಡಿಸಿನ್ ಓದಿ, ಜೆರ್ಸಿಯಲ್ಲೇ ಸ್ವಂತ ಕ್ಲಿನಿಕ್ ನಡೆಸುತ್ತಿದ್ದರು. ಹಿಮ ಬಿದ್ದರೂ ಡ್ರೈವ್ ಮಾಡಿಕೊಂಡು ಕ್ಲಿನಿಕ್ಕಿಗೆ ಹೋಗುವ ಗಟ್ಟಿ ಹೆಂಗಸು, ಆದರೆ ದೊಡ್ಡ ಸೇತುವೆ ಎಂದರೆ ಪ್ರಾಣಭಯ. ಹಾಗಾಗಿ ಸೇತುವೆ ದಾಟಿ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಬೇಕಾದಾಗಲೆಲ್ಲ ನಮ್ಮ ಕಾರು. ನಮಗೂ ಅಭ್ಯಂತರವಿರಲಿಲ್ಲ. ದೇವರ ದರ್ಶನಕ್ಕಿಂತ ಕೆಳಗಿನ ಕ್ಯಾಂಟೀನಿನ ದೋಸೆ ನಮ್ಮನ್ನು ಹೆಚ್ಚು ಎಳೆಯುತ್ತಿತ್ತು.

ನವೆಂಬರಿನ ಮೊದಲ ಭಾನುವಾರ ಆಂಟಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಗಂಡ ಡ್ರೈವ್ ಮಾಡುತ್ತಿದ್ದ.

"ಎಷ್ಟು ಇಂಟರ್‌ವ್ಯೂ ಬಂತಮ್ಮ?"

"ಒಂದು, ಆಂಟಿ."

"ಬ್ಯಾಕಪ್‌ಗೆ ಯಾವುದು ಅಪ್ಲೈ ಮಾಡಿದ್ದೀಯ?"

"ಯಾವುದೂ ಇಲ್ಲ. ಸರ್ಜರಿ ಅಷ್ಟೇ."

ಅಷ್ಟರಲ್ಲಿ ಸೇತುವೆ ಬಂತು. ಆಂಟಿ ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿಕೊಂಡೇ ಹೇಳಿದರು: "ಫ್ಯಾಮಿಲಿ ಮೆಡಿಸಿನ್ ಹಾಕು."

"ಈಗಾ? ಎಲ್ಲರೂ ಸೆಪ್ಟೆಂಬರಲ್ಲೇ ಹಾಕಿರ್ತಾರೆ ಆಂಟಿ. ಇಂಟರ್‌ವ್ಯೂ ಎಲ್ಲಾ ಹಂಚಿ ಆಗಿರುತ್ತೆ."

"ಲೇಟಾಗಿದೆ, ನಿಜ. ಬಾಗಿಲು ಮುಚ್ಚಿಲ್ವಲ್ಲ. ಯಾರಾದ್ರೂ ಕ್ಯಾನ್ಸಲ್ ಮಾಡೇ ಮಾಡ್ತಾರೆ. ಆ ಜಾಗಕ್ಕೆ ನುಗ್ಗು."

ಸಿಟ್ಟು ಬಂದರೆ ನನ್ನ ಬಾಯಿಂದ ಧಾರವಾಡ ಹೊರಡುತ್ತದೆ. "ನೆಗಡಿ, ಜ್ವರಾ ನೋಡ್ಕೋತ ಕೂಡೂದು ನನ್ನ ಕಡಿಂದ ಆಗೂದಿಲ್ರಿ ಆಂಟಿ," ಎಂದುಬಿಟ್ಟೆ. ಜೀವಮಾನವೆಲ್ಲ ನೆಗಡಿ, ಜ್ವರ ನೋಡಿಕೊಂಡೇ ಬಂದವರ ಮುಖಕ್ಕೆ ಹಾಗೆ ಹೇಳಿದ್ದು ಮುಂದೆ ಕೂತ ಗಂಡನಿಗೆ ತಟ್ಟನೆ ಹೊಳೆದು, ಅವನು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ.

ಸೇತುವೆ ಇನ್ನೂ ಮುಗಿದಿರಲಿಲ್ಲ. ಆಂಟಿ ಕಣ್ಣು ಬಿಟ್ಟರು. "ನೆಗಡಿ ನೋಡೋಕೆ ಬರುತ್ತಾ ನಿನಗೆ? ಮೊದಲು ಅದು ಹೇಳು," ಎಂದು ಕೇಳಿ, ಕೆಳಗಿನ ನೀರು ಕಂಡು ಮತ್ತೆ ಮುಚ್ಚಿಕೊಂಡರು.

ಕ್ಯಾಂಟೀನಿನಲ್ಲಿ ದೋಸೆ ಮುರಿಯುತ್ತಾ ಅವರು ಎಲ್ಲವನ್ನೂ ತಾವೇ ತೀರ್ಮಾನ ಮಾಡಿದರು. ಫ್ಯಾಮಿಲಿ ಮೆಡಿಸಿನ್‌ಗೆ ಆ ವಿಭಾಗದ ವೈದ್ಯರೊಬ್ಬರ ಶಿಫಾರಸು ಬೇಕು, ನನ್ನ ಹತ್ತಿರ ಇದ್ದವೆಲ್ಲ ನನ್ನ ಕೈಚಳಕ ಹೊಗಳಿದ ಸರ್ಜನ್‌ಗಳವು. "ನಾನು ಬರ್ಕೊಡ್ತೀನಿ. ಆದ್ರೆ ಸುಳ್ಳು ಬರೆಯಲ್ಲ. ಶನಿವಾರ ಬಂದು ನನ್ನ ಕ್ಲಿನಿಕ್ಕಲ್ಲಿ ಕೂತ್ಕೋ, ನೋಡಿ ಬರೀತೀನಿ," ಎಂದರು. ನಾನು ಚಟ್ನಿ ಖಾಲಿ ಮಾಡುವುದರಲ್ಲಿ ಮುಳುಗಿದೆ. ಬರುವಾಗ ಅದೇ ಸೇತುವೆಯ ಮೇಲೆ, ಅವರ ಕಣ್ಣು ಮುಚ್ಚಿದ್ದಾಗ, ಆಗಲಿ ಎಂದೆ.

ಶನಿವಾರಗಳಲ್ಲಿ ಕ್ಲಿನಿಕ್ಕಿಗೆ ಹೋದೆ. ಮೊದಲ ದಿನ ಬೇಜಾರಾಯಿತು, ಎರಡನೆಯ ದಿನ ಕಿರಿಕಿರಿಯಾಯಿತು. ಬಿಪಿ ನೋಡಲು ಬಂದವರ ನಾಯಿಯ ಆರೋಗ್ಯವನ್ನೂ ಆಂಟಿ ಕೇಳುತ್ತಿದ್ದರು. ಶುಗರ್ ಇದ್ದವರು ಯಾರೇ ಬರಲಿ, ತಲೆನೋವು ಎಂದು ಬಂದರೂ, ಮೊದಲ ಮಾತು ಒಂದೇ: "ಶೂ ಬಿಚ್ಚಿ." ತಾವೇ ಸ್ಟೂಲ್ ಎಳೆದು ಕೂತು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಸಂದಿಯನ್ನೆಲ್ಲ ಬಿಡಿಸಿ ನೋಡುತ್ತಿದ್ದರು. ಇಷ್ಟು ಓದಿ ಕಾಲ ಸಂದಿ ನೋಡುವ ಕೆಲಸವೇ ಎಂದು ನಾನು ಗೋಡೆಗೆ ಒರಗಿ ನಿಂತಿರುತ್ತಿದ್ದೆ.

ಯಾಕೆ ಫ್ಯಾಮಿಲಿ ಮೆಡಿಸಿನ್ ಎಂದು ಒಂದು ಪುಟದ ಪ್ರಬಂಧವನ್ನೂ ಬರೆಯಬೇಕಿತ್ತು. ಬರೆದು ಗಂಡನಿಗೆ ತೋರಿಸಿದೆ. ಅವನು ಓದಿ ಕನ್ನಡಕ ತೆಗೆದು ಒರೆಸಿಕೊಂಡ. "ಇದು ಅವರಿಗೆ ಬರೆದಿರೋದಲ್ಲ ಕಣೇ. ಸರ್ಜರಿಗೆ ಬರೆದಿರೋ ಲವ್ ಲೆಟರ್," ಎಂದ. ಹರಿದುಹಾಕಿ ಮತ್ತೆ ಬರೆದೆ. ಕೊನೆಗೂ ಅರ್ಜಿ ಹೋಯಿತು. ನಮ್ಮ ಮನೆಯಲ್ಲಿ ಅದಕ್ಕೆ ಸ್ಟೆಪ್ನಿ ಎಂದು ಹೆಸರಾಯಿತು. ಡಿಕ್ಕಿಯಲ್ಲಿ ಇರಬೇಕು, ಆದರೆ ಹೊರಗೆ ತೆಗೆಯುವ ಗತಿ ಬರಬಾರದು. ಗಂಡ ಸಂಜೆ ಮನೆಗೆ ಬಂದವನೇ, "ಸ್ಟೆಪ್ನಿ ಸುದ್ದಿ ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದ. ನಾನು, "ಪಂಕ್ಚರ್," ಎನ್ನುತ್ತಿದ್ದೆ.

ಡಿಸೆಂಬರಿನಲ್ಲಿ ಸರ್ಜರಿಯ ಇಂಟರ್‌ವ್ಯೂ ಆಯಿತು. ಈಗೆಲ್ಲ ಇಂಟರ್‌ವ್ಯೂ ಲ್ಯಾಪ್‌ಟಾಪಿನಲ್ಲೇ. ಚೆನ್ನಾಗಿಯೇ ಮಾಡಿದೆ. ಮರೆಯಲಾಗದ ಒಬ್ಬ ರೋಗಿಯ ಬಗ್ಗೆ ಹೇಳಿ ಎಂದರು, ಹುಬ್ಬಳ್ಳಿಯ ಕಂಡಕ್ಟರ್ ಕಥೆ ಹೇಳಿದೆ. ಅದು ನನ್ನ ಕೈಯಲ್ಲಿ ಪಳಗಿದ ಕಥೆ.

ಆತ ಬಸ್ ಕಂಡಕ್ಟರ್. ಶುಗರ್ ಏರಿ ಕಾಲ ಹೆಬ್ಬೆರಳು ಕಪ್ಪಾಗಿ ನಮ್ಮ ವಾರ್ಡಿಗೆ ಬಂದಿದ್ದರು. ಬೆರಳು ತೆಗೆದೆವು. ಎಚ್ಚರವಾದ ಮೇಲೆ ಬ್ಯಾಂಡೇಜು ನೋಡಿಕೊಂಡು, "ಒಬ್ಬ ಪ್ಯಾಸೆಂಜರ್ ಇಳದಾ ಬಿಡ್ರಿ ಡಾಕ್ಟರ್ರ. ಗಾಡಿ ಹಗರ ಆತು," ಎಂದು ನಕ್ಕಿದ್ದರು. ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ಬರ್ತೀನ್ರಿ," ಎಂದರು. ವಾರ್ಡಿನ ಹಿರಿಯ ಸಿಸ್ಟರ್ ಗದರಿದರು: "ದವಾಖಾನಿಗೆ ಬರ್ತೀನಿ ಅನಬಾರ್ದು! ಹೋಗ್ತೀನಿ ಅನ್ರಿ!" ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ಹೋಗ್ತೀನಿ ಎನ್ನುವ ಹಾಗಿಲ್ಲ, ಅದು ಅಪಶಕುನ. ಬರ್ತೀನಿ ಎಂದೇ ಅನ್ನಬೇಕು. ಆಸ್ಪತ್ರೆಯಲ್ಲಿ ಮಾತ್ರ ಅದು ತಿರುಗುಮುರುಗು. ಆದರೆ ಎಳವೆಯಿಂದ ಬಂದ ಮಾತು ಬಾಯಿಂದ ಬಿಡುತ್ತದೆಯೇ? ಕಂಡಕ್ಟರ್ ಬರ್ತೀನಿ ಎಂದೇ ಹೋದರು, ಮತ್ತೆ ಬಂದರು. ಇನ್ನೆರಡು ಬೆರಳು ಇಳಿದವು. ಮತ್ತೆ ಬಂದರು. ಕಡೆಯ ಸಲ ಮೊಣಕಾಲ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಹಿರಿಯ ಸರ್ಜನ್ ಹೊಲಿಗೆಯನ್ನು ನನಗೇ ಬಿಟ್ಟುಕೊಟ್ಟರು. ಅಂಥ ಅಚ್ಚುಕಟ್ಟಾದ ಹೊಲಿಗೆಯನ್ನು ಆ ವಾರ್ಡು ನೋಡಿರಲಿಲ್ಲ. ಒಂದಿಷ್ಟೂ ಕೀವಾಗದೆ ಮಾಯಿತು.

ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನ್ಯೂಯಾರ್ಕಿನ ಸರ್ಜನ್‌ಗಳು ತಲೆದೂಗಿದರು. ನಾನು, "ಥ್ಯಾಂಕ್ಯೂ ಫಾರ್ ಯುವರ್ ಟೈಮ್," ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಜನವರಿ ಕೊನೆಯಲ್ಲಿ ಸ್ಟೆಪ್ನಿಗೆ ಗಾಳಿ ಬಂತು. ಆಂಟಿ ಹೇಳಿದಂತೆಯೇ ಆಗಿತ್ತು. ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಫ್ಯಾಮಿಲಿ ಮೆಡಿಸಿನ್ ವಿಭಾಗದಲ್ಲಿ ಯಾರೋ ಇಂಟರ್‌ವ್ಯೂ ಬಿಟ್ಟಿದ್ದರು, ಆ ಜಾಗಕ್ಕೆ ನನ್ನನ್ನು ಕರೆದಿದ್ದರು. ಗಂಡ ಕುಕ್ಕರ್ ಇಡಬಾರದೆಂದು ತಾನೇ ಕಟ್ಟಪ್ಪಣೆ ಮಾಡಿಕೊಂಡು ಬೆಡ್‌ರೂಮಿನೊಳಗೆ ಕೂತ. ಪರದೆಯ ಮೇಲೆ ನರೆಗೂದಲಿನ ಹೆಂಗಸು, ಕೈಯಲ್ಲಿ ದೊಡ್ಡ ಮಗ್. ಅವರೇ ಆ ವಿಭಾಗದ ಮುಖ್ಯಸ್ಥೆ.

ಅವರೂ ಅದೇ ಪ್ರಶ್ನೆ ಕೇಳಿದರು. ನಾನೂ ಅದೇ ಕಥೆ ಹೇಳಿದೆ. ಬೇರೆ ಕಥೆ ತಯಾರು ಮಾಡಿಕೊಳ್ಳುವಷ್ಟು ಮರ್ಯಾದೆಯನ್ನು ನಾನು ಸ್ಟೆಪ್ನಿಗೆ ಕೊಟ್ಟಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಹೊಲಿಗೆಯ ಮಾತಿಗೆ ತಲೆದೂಗಲಿಲ್ಲ. ಮಗ್ ಕೆಳಗಿಟ್ಟು, ಒಂದು ಆಪರೇಷನ್‌ಗೂ ಇನ್ನೊಂದಕ್ಕೂ ನಡುವೆ ಆತನನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಿದರು.

ಯಾರೂ ನೋಡಿಕೊಳ್ಳುತ್ತಿರಲಿಲ್ಲ ಎಂದೆ. ನಾವು ಪ್ರತಿ ಸಲವೂ ನಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದೆವು, ಪ್ರತಿ ಸಲವೂ ಆತ ಸ್ವಲ್ಪ ಕಡಿಮೆಯಾಗಿ ಮನೆಗೆ ಹೋಗಿದ್ದರು. ಇಷ್ಟು ವರ್ಷ ಹೇಳಿದ ಕಥೆಯಲ್ಲಿ ನಾನು ಬಿಟ್ಟಿದ್ದ ಒಂದು ವಿಷಯ ಆಗ ನೆನಪಾಯಿತು. ಕಾಲು ಹೋದ ಆ ಕಡೆಯ ಸಲ ಕಂಡಕ್ಟರ್ ಪ್ಯಾಸೆಂಜರ್ ಮಾತು ಎತ್ತಲಿಲ್ಲ. ಹೊರಡುವಾಗ ಬರ್ತೀನಿ ಎಂದೂ ಅನ್ನಲಿಲ್ಲ. ಸಿಸ್ಟರ್‌ಗೆ ಗದರುವ ಕೆಲಸವೇ ಬೀಳಲಿಲ್ಲ.

ಅದನ್ನೂ ಹೇಳಿದೆ. ಆಮೇಲೆ ಮಾತು ಎಲ್ಲಿಗೋ ಹೋಯಿತು. ಆಂಟಿ ಸ್ಟೂಲ್ ಎಳೆದು ಕೂರುವುದು, ಶೂ ಬಿಚ್ಚಿ ಎನ್ನುವುದು, ಗೋಡೆಗೆ ಒರಗಿ ನಾನು ನೋಡಿದ್ದು, ಎಲ್ಲ ಬಂತು. ಆ ಕಂಡಕ್ಟರ್‌ಗೆ ಅಂಥ ಒಬ್ಬರು ಬೇಕಿತ್ತು ಎಂದೆ. ನನಗೆ ಆ ಕೆಲಸ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಆದರೆ ಬೇಗ ಕಲಿಯುತ್ತೇನೆ, ನನ್ನ ಕಣ್ಣು ಚೆನ್ನಾಗಿದೆ, ಕೈ ಅದಕ್ಕಿಂತ ಚೆನ್ನಾಗಿದೆ ಎಂದೆ. ಅವರು ಜೋರಾಗಿ ನಕ್ಕರು. ಕೊಟ್ಟ ಸಮಯ ಮೀರಿತ್ತು. ನಮ್ಮ ಮನೆಗೆ ಬಂದ ಹಿರಿಯರೊಬ್ಬರ ಜೊತೆ ಮಾತಾಡಿ ಎದ್ದಷ್ಟು ಹಗುರವಾಗಿತ್ತು ಮನಸ್ಸು. ಹಾಗಾಗಿ ಎದ್ದೆ. ಕೈ ತಾನಾಗಿ ಮುಗಿಯಿತು. ಬಾಯಿಂದ ಬಂತು: "ಓಕೆ ಮ್ಯಾಮ್. ಐ ವಿಲ್ ಕಮ್."

ಅವರ ಹುಬ್ಬು ಮೇಲೇರಿತು. ನೀವು ಹಾಗೆ ಹೇಳಿದ್ದು ತುಂಬಾ ಸಂತೋಷ ಎಂದರು. ಪರದೆ ಆರಿತು.

ಬೆಡ್‌ರೂಮಿನ ಬಾಗಿಲು ತೆರೆದುಕೊಂಡಿತು. ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಏನಂದೆ ಗೊತ್ತಾ ನೀನು? ಐ ವಿಲ್ ಕಮ್ ಅಂದೆ! ನಿಮ್ಮನ್ನೇ ನಂಬರ್ ಒನ್ ಹಾಕ್ತೀನಿ ಅಂತ ಮಾತು ಕೊಟ್ಟ ಹಾಗಾಯ್ತು!"

ಆಗ ಅರ್ಥವಾಯಿತು. ಈ ಮ್ಯಾಚ್‌ನಲ್ಲಿ ಯಾರನ್ನು ಮೊದಲು ಬರೆಯುತ್ತೀರಿ ಎಂದು ಆಸ್ಪತ್ರೆಯವರು ಅಭ್ಯರ್ಥಿಯನ್ನು ಕೇಳುವ ಹಾಗಿಲ್ಲ. ಅಭ್ಯರ್ಥಿ ತಾನಾಗಿ ಹೇಳಬಹುದು. ಹೇಳುವವರು ಒಂದೇ ಒಂದು ಕಡೆ ಹೇಳುತ್ತಾರೆ, ಅದು ನಿಶ್ಚಯ ತಾಂಬೂಲ ಬದಲಾಯಿಸಿಕೊಂಡ ಹಾಗೆ. ನಾನು ಊರಿನ ಅಭ್ಯಾಸಬಲದಿಂದ, ಬರ್ತೀನಿ ಎನ್ನುವುದನ್ನು ಇಂಗ್ಲಿಷಿನಲ್ಲಿ ಅಂದು, ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೆ ತಾಂಬೂಲ ಕೊಟ್ಟು ಕೂತಿದ್ದೆ.

ಮೇಲ್ ಬರೆದು ಸರಿಪಡಿಸಲೇ ಎಂದು ಯೋಚಿಸಿದೆ. ಏನೆಂದು ಬರೆಯುವುದು? ನಮ್ಮಲ್ಲಿ ಬರ್ತೀನಿ ಎಂದರೆ ಹೋಗ್ತೀನಿ ಎಂದರ್ಥ, ತಪ್ಪು ತಿಳಿಯಬೇಡಿ ಎಂದೇ? ಅವ್ವನಿಗೆ ಫೋನ್ ಮಾಡಿದೆ. ಅವಳು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. "ಬರ್ತೀನಿ ಅಂದವರೆಲ್ಲಾ ಬಂದಿದ್ರ ನಾ ಎಷ್ಟು ಮಂದಿಗೆ ಅಡಗಿ ಮಾಡಬೇಕಾಗ್ತಿತ್ತು? ಅದಕ್ಯಾಕ ತಲಿ ಕೆಡಿಸ್ಕೋತಿ? ನಿನಗ ಎಲ್ಲಿ ಹೋಗಬೇಕನಸ್ತದ ಅಲ್ಲಿ ಹೋಗು," ಎಂದಳು. ತಾಯಿಯ ಕಡೆಯಿಂದ ಬಿಡುಗಡೆ ಸಿಕ್ಕಂತಾಯಿತು. ಆದರೆ ಮನಸ್ಸಿಗೆ ಸಿಗಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದುಕೊಡುವ ದಿನ ಬಂತು. ನನ್ನ ಹತ್ತಿರ ಇದ್ದಿದ್ದು ಎರಡೇ. ಭಾನುವಾರ ಬೆಳಗ್ಗೆ ಗಂಡ ಅವಲಕ್ಕಿಗೆ ಒಗ್ಗರಣೆ ಹಾಕುತ್ತಾ ನನಗೆ ಲೆಕ್ಕ ಬಿಡಿಸಿ ಹೇಳಿದ.

"ನೋಡು, ಸರ್ಜರಿ ಮೊದಲು ಹಾಕು. ಅವರು ಬೇಡ ಅಂದ್ರೆ ತಾನಾಗೇ ಎರಡನೇದಕ್ಕೆ ಬರುತ್ತೆ. ಸ್ಟೆಪ್ನಿ ಎರಡನೇದು ಹಾಕಿದ್ರೆ ನಿನಗೆ ಒಂದು ಚೂರೂ ನಷ್ಟ ಇಲ್ಲ. ನೀನು ಏನು ಬರೆದೆ ಅಂತ ಅವರಿಗೆ ಯಾವತ್ತೂ ಗೊತ್ತಾಗಲ್ಲ."

ಎಲ್ಲ ನಿಜ. ಒಂದಕ್ಷರ ತಪ್ಪಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಒಂದು ತಿಂಗಳಿಂದ ಆ ಹೆಂಗಸಿನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು. ನನ್ನ ಅಷ್ಟು ಚೆಂದದ ಕಥೆಯನ್ನು ಒಂದೇ ಪ್ರಶ್ನೆಯಲ್ಲಿ ಬಿಚ್ಚಿ ಹಾಕಿದ್ದರು. ಪಾತ್ರೆ ತೊಳೆಯುವಾಗ, ರಸ್ತೆ ದಾಟುವಾಗ, ಕಂಡಕ್ಟರ್ ಬಂದು ಎದುರು ನಿಲ್ಲುತ್ತಿದ್ದರು. ಆ ನಡುವಿನ ತಿಂಗಳುಗಳಲ್ಲಿ ಆತ ಏನು ತಿನ್ನುತ್ತಿದ್ದರು, ಎಂಥ ಚಪ್ಪಲಿ ಹಾಕುತ್ತಿದ್ದರು, ಬಸ್ಸಿನಲ್ಲಿ ದಿನವಿಡೀ ನಿಂತ ಕಾಲನ್ನು ಸಂಜೆ ಯಾರಾದರೂ ನೋಡುತ್ತಿದ್ದರೇ ಎಂದು ತಿಳಿಯುವ ಆಸೆ ಹುಟ್ಟಿತ್ತು. ಸರ್ಜರಿ ಬೇಡ ಎನಿಸಿರಲಿಲ್ಲ, ಇವತ್ತಿಗೂ ಎನಿಸಿಲ್ಲ. ಆದರೆ ಈ ಆಸೆ ಅದಕ್ಕಿಂತ ಹಟಮಾರಿಯಾಗಿತ್ತು.

"ಸರ್ಜರಿ ಇಂಟರ್‌ವ್ಯೂ ಮುಗದಾಗ ನಾ ಏನಂದೆ ನೆನಪದನ?" ಎಂದು ಕೇಳಿದೆ.

"ಥ್ಯಾಂಕ್ಯೂ ಅಂದೆ."

"ಬರ್ತೀನಿ ಅನಲಿಲ್ಲ."

ಅವನು ಸೌಟು ಹಿಡಿದೇ ಹೊರಗೆ ಬಂದ. "ಅಯ್ಯೋ ಪುಣ್ಯಾತ್ಗಿತ್ತಿ, ನೀನು ಡೆಂಟಿಸ್ಟ್ ಹತ್ರಾನೂ ಐ ವಿಲ್ ಕಮ್ ಅಂತೀಯ!"

"ಅಂದ ಮ್ಯಾಲ ಮತ್ತ ಹೋದೆ ಇಲ್ಲೋ?"

ಅವನು ಸೌಟನ್ನು ಮೇಜಿನ ಮೇಲಿಟ್ಟು ನನ್ನ ಪಕ್ಕ ಕೂತ. ನಾನು ಫ್ಯಾಮಿಲಿ ಮೆಡಿಸಿನ್ ಅನ್ನು ಮೊದಲು ಹಾಕಿ, ಸರ್ಜರಿಯನ್ನು ಕೆಳಗೆ ಹಾಕಿ, ಒತ್ತಿಬಿಟ್ಟೆ. ಅಷ್ಟರಲ್ಲಿ ಅವಲಕ್ಕಿಯ ಒಗ್ಗರಣೆ ಸೀದುಹೋಗಿತ್ತು.

ಮಾರ್ಚಿನ ಆ ಸೋಮವಾರ, ನೀವು ಮ್ಯಾಚ್ ಆಗಿದ್ದೀರಿ ಎಂದಷ್ಟೇ ಮೇಲ್ ಬಂತು. ಎಲ್ಲಿ ಎಂದು ತಿಳಿಯಲು ಶುಕ್ರವಾರದ ತನಕ ಕಾಯಬೇಕು. ಡಾಕ್ಟರಾಗಿ ಉಳಿದೆ ಎಂದು ಅಡುಗೆಮನೆಯಲ್ಲಿ ನಿಂತು ಕುಣಿದೆ. ಶುಕ್ರವಾರ ಮಧ್ಯಾಹ್ನ ನೋಡಿದರೆ, ಬರ್ತೀನಿ ಎಂದಿದ್ದ ಕಡೆಗೇ. ಸಂತೋಷದಲ್ಲಿ ಕಿರುಚಿದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಸರ್ಜರಿಗಾಗಿ ಚೆನ್ನಾಗಿ ಅತ್ತೆ. ಎರಡೂ ನಿಜವಾದ ಭಾವನೆಗಳೇ. ಮುಖ ತೊಳೆದು ಆಂಟಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು. ಇನ್ನು ನೆಗಡಿ ನೋಡೋದು ಕಲಿ," ಎಂದರು.

ಜುಲೈಯಲ್ಲಿ ಕೆಲಸಕ್ಕೆ ಸೇರಿದ ದಿನ ಮುಖ್ಯಸ್ಥೆ ಬಾಗಿಲಲ್ಲೇ ಕೈ ಕುಲುಕಿ, ಬರುತ್ತೇನೆ ಎಂದಿದ್ದಿರಿ, ಬಂದಿರಿ ಎಂದರು. ಅವತ್ತು ಅದು ಬಾಯಿತಪ್ಪಿ ಬಂದ ಮಾತು ಎಂದು ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಅದು ಬಾಯಿತಪ್ಪಿನ ಮಾತಾಗಿ ಉಳಿದಿರಲಿಲ್ಲ.

ಈಗ ನನ್ನದು ಎರಡನೆಯ ವರ್ಷ. ಇತ್ತೀಚೆಗೆ ಕ್ಲಿನಿಕ್ಕಿಗೆ ಒಬ್ಬ ಹಿರಿಯರು ಬಂದರು. ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಇಲ್ಲಿ ಮಗಳ ಮನೆಯಲ್ಲಿದ್ದಾರೆ. ಮಗಳು ಇಂಗ್ಲಿಷಿನಲ್ಲಿ, ಅಪ್ಪನಿಗೆ ತಲೆ ಸುತ್ತುತ್ತಂತೆ, ಶುಗರ್ ಇದೆ ಎಂದು ವಿವರಿಸುತ್ತಿದ್ದಳು. ನಾನು ಸ್ಟೂಲ್ ಎಳೆದು ಕೂತೆ.

"ಶೂ ಬಿಚ್ಚಿ, ಅಂಕಲ್."

ಕನ್ನಡ ಕೇಳಿ ಅವರ ಮುಖ ಅರಳಿತು. ಮರುಕ್ಷಣವೇ ಮೇಷ್ಟ್ರಾದರು. "ಸುತ್ತೋದು ತಲೆ ಅಲ್ವೇನಮ್ಮ? ಕಾಲು ಯಾಕೆ?"

"ತಲೆಗೂ ಬರ್ತೀನಿ. ಮೊದಲು ಇದು."

ಕಿರುಬೆರಳ ಕೆಳಗೆ ಕಡಲೆಬೇಳೆಯಷ್ಟು ಹುಣ್ಣು. ಅವರಿಗೆ ಗೊತ್ತೇ ಇರಲಿಲ್ಲ, ಅಲ್ಲಿ ಸ್ಪರ್ಶವೇ ಹೋಗಿತ್ತು. ಹೊಸ ಶೂ ಉಜ್ಜಿ ಆಗಿದ್ದು. ಅವತ್ತಿನಿಂದ ವಾರವಾರ ಕರೆಸಿದೆ. ಒರೆಸಿ ಕಟ್ಟಿದೆ, ಮಾತ್ರೆ ಬದಲಾಯಿಸಿದೆ, ಅಗಲವಾದ ಶೂ ಕೊಡಿಸುವಂತೆ ಮಗಳಿಗೆ ಹೇಳಿದೆ. ಪ್ರತಿ ಸಲವೂ ಅವರು ನನಗೆ ತಮ್ಮ ನಾದಿನಿಯೊಬ್ಬಳ ಕಥೆಯನ್ನು ಕಂತುಕಂತಾಗಿ ಹೇಳಿದರು, ನಾನು ಕೇಳಿಸಿಕೊಂಡೆ. ತಲೆಸುತ್ತೂ ನಿಂತಿತು. ಕೊನೆಗೆ ಹುಣ್ಣು ಪೂರ್ತಿ ಮಾಯ್ದ ದಿನ ಪಾದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದೆ. ಒಂದು ಹೊಲಿಗೆಯನ್ನೂ ಹಾಕದ ನನ್ನ ಆ ಕೆಲಸದ ಬಗ್ಗೆ ನನಗೆ ಜಂಬ ಬಂತು.

ಅವರು ಶೂ ಕಟ್ಟಿಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ, "ಬರ್..." ಎಂದವರು ಗಕ್ಕನೆ ನಿಂತರು. ತಿರುಗಿ ನೋಡಿ ಸಂಕೋಚದಿಂದ ಕೇಳಿದರು: "ಆಸ್ಪತ್ರೇಲಿ ಹಾಗನ್ನಬಾರದು ಅಲ್ವಾ? ಹೋಗ್ತೀನಿ ಅನ್ಲೇನಮ್ಮ?"

ಹುಬ್ಬಳ್ಳಿಯ ಸಿಸ್ಟರ್‌ನ ದನಿ ಕಿವಿಯಲ್ಲಿ ಕೇಳಿಸಿತು. ಕಡೆಯ ಸಲ ಏನೂ ಅನ್ನದೆ ಹೋದ ಕಂಡಕ್ಟರ್ ನೆನಪಾದರು.

"ಬರ್ತೀನಿ ಅನ್ನಿ ಅಂಕಲ್. ಮುಂದಿನ ತಿಂಗಳು ಬನ್ನಿ. ಹತ್ತೂ ಬೆರಳನ್ನ ಕರ್ಕೊಂಡು ಬನ್ನಿ."

ಅವರು ಬಗ್ಗಿ ಒಮ್ಮೆ ತಮ್ಮ ಶೂಗಳನ್ನು ನೋಡಿಕೊಂಡರು.

"ಹಾಗಾದ್ರೆ ಬರ್ತೀವಮ್ಮ," ಎಂದರು.